ದುಡುಕು ಮತ್ತು ಎಚ್ಚರ: ಮನಸ್ಸು ನಿರ್ಧಾರಕ್ಕೆ ಬರುವ ಬಗೆ

2024ರ ಅಕ್ಟೋಬರ್ 27ರಂದು ಪ್ರಸಾರವಾದ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ (ಪೊಲೀಸರಂತೆ ನಟಿಸಿ, ವಿಡಿಯೊ ಕರೆಯಲ್ಲೇ ಬಂಧನದ ಬೆದರಿಕೆ ಹಾಕಿ ಹಣ ಕೀಳುವುದು) ಬಗ್ಗೆ ಮಾತನಾಡುತ್ತ, ಅಂಥ ಕರೆ ಬಂದವರು ಮೊದಲು ನಿಲ್ಲಬೇಕು, ಬಳಿಕ ಯೋಚಿಸಬೇಕು, ಆಮೇಲೆ ಕ್ರಮಕ್ಕೆ ಮುಂದಾಗಬೇಕು ಎಂದು ಹೇಳಿದರು. ಆ ವರ್ಷದ ಮೊದಲ ನಾಲ್ಕು ತಿಂಗಳಲ್ಲೇ ಈ ಒಂದು ಬಗೆಯ ವಂಚನೆಯಿಂದ ಭಾರತೀಯರು 120.30 ಕೋಟಿ ರೂಪಾಯಿ ಕಳೆದುಕೊಂಡಿದ್ದರೆಂದು ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಲೆಕ್ಕ ಕೊಟ್ಟಿತ್ತು. ಷೇರು ವಹಿವಾಟಿನ ಹೆಸರಿನಲ್ಲಿ ನಡೆದ ವಂಚನೆಗಳ ಮೊತ್ತ ಅದೇ ಅವಧಿಯಲ್ಲಿ 1,420 ಕೋಟಿಯನ್ನು ದಾಟಿತ್ತು.

ಹೀಗೆ ಹಣ ಕಳೆದುಕೊಂಡವರ ಸುದ್ದಿಯನ್ನು ಓದುವಾಗ ಒಂದು ಸಂಗತಿ ಗಮನ ಸೆಳೆಯುತ್ತದೆ. ಅವರಲ್ಲಿ ನಿವೃತ್ತ ಅಧಿಕಾರಿಗಳು, ಎಂಜಿನಿಯರುಗಳು, ವೈದ್ಯರು, ಪ್ರಾಧ್ಯಾಪಕರು, ಅಂದರೆ ಬದುಕಿನುದ್ದಕ್ಕೂ ಅಳೆದೂ ಸುರಿದೂ ಖರ್ಚು ಮಾಡಿದ ಜನ ಬಹಳಷ್ಟಿದ್ದಾರೆ. ತರಕಾರಿ ಕೊಳ್ಳುವಾಗಲೂ ಎರಡು ಅಂಗಡಿ ವಿಚಾರಿಸುವವರು ಒಂದೇ ದಿನದಲ್ಲಿ ಇಡುಗಂಟನ್ನೆಲ್ಲ ಅಪರಿಚಿತರ ಖಾತೆಗೆ ಹಾಕಿದ್ದು ಹೇಗೆ? ದುಡುಕುವವರು ಒಂದು ಜಾತಿ, ಎಚ್ಚರದವರು ಇನ್ನೊಂದು ಜಾತಿ ಎಂದು ಭಾವಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನಿರ್ಧಾರ ಎಂಬುದು ಮನಸ್ಸಿನಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಬುಡದಿಂದ ನೋಡಬೇಕಾಗುತ್ತದೆ.

ಎಷ್ಟು ಸುಳಿವು ಸಿಕ್ಕರೆ ಸಾಕು?

ಮುಸ್ಸಂಜೆಯ ಹೊತ್ತಿನಲ್ಲಿ ಬಸ್ ನಿಲ್ದಾಣದಲ್ಲಿ ನಿಂತಿರುವ ಇಬ್ಬರನ್ನು ಗಮನಿಸೋಣ. ದೂರದಲ್ಲಿ ಬಸ್ಸೊಂದು ಬರುತ್ತಿದೆ. ಅದರ ಬೋರ್ಡಿನ ಮೊದಲ ಅಂಕಿ ಮಾತ್ರ ಮಬ್ಬುಮಬ್ಬಾಗಿ ಕಾಣುತ್ತಿದೆ. ಒಬ್ಬರು ಅಷ್ಟಕ್ಕೇ ಚೀಲ ಎತ್ತಿಕೊಂಡು ಓಡುತ್ತಾರೆ. ಇನ್ನೊಬ್ಬರು ಪೂರ್ತಿ ಸಂಖ್ಯೆಯನ್ನು ಓದಿ, ಊರಿನ ಹೆಸರನ್ನೂ ನೋಡಿ, ಕಂಡಕ್ಟರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಮೆಟ್ಟಿಲ ಮೇಲೆ ಕಾಲಿಡುತ್ತಾರೆ. ಮೊದಲನೆಯವರಿಗೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ, ಆದರೆ ಆಗಾಗ ಬೇರೆ ಊರಿನ ಬಸ್ಸು ಹತ್ತಿ ಇಳಿಯುತ್ತಾರೆ. ಎರಡನೆಯವರು ಎಂದೂ ತಪ್ಪು ಬಸ್ಸು ಹತ್ತುವುದಿಲ್ಲ, ಆದರೆ ಆಗಾಗ ಅವರ ಕಣ್ಣೆದುರೇ ಸರಿಯಾದ ಬಸ್ಸು ಹೊರಟುಹೋಗುತ್ತದೆ.

ಮನಸ್ಸು ತೀರ್ಮಾನಕ್ಕೆ ಬರುವ ಬಗೆಯೂ ಹೆಚ್ಚುಕಡಿಮೆ ಇದೇ. ಅಮೆರಿಕದ ಮನೋವಿಜ್ಞಾನಿ ರೋಜರ್ ರ್‍ಯಾಟ್‌ಕ್ಲಿಫ್ 1978ರಲ್ಲಿ ಪ್ರಕಟಿಸಿದ ಗಣಿತದ ಮಾದರಿಯ ಪ್ರಕಾರ, ಮಿದುಳು ಹೊರಗಿನಿಂದ ಬರುವ ಸುಳಿವುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗುತ್ತದೆ, ಆ ಮೊತ್ತ ಒಂದು ಗೆರೆಯನ್ನು ಮುಟ್ಟಿದ ಕ್ಷಣದಲ್ಲಿ ನಿರ್ಧಾರ ಹೊರಬೀಳುತ್ತದೆ. ಗೆರೆ ಕೆಳಗಿದ್ದರೆ ನಿರ್ಧಾರ ಬೇಗ ಬರುತ್ತದೆ, ತಪ್ಪುಗಳೂ ಹೆಚ್ಚುತ್ತವೆ; ಮೇಲಿದ್ದರೆ ತಡವಾಗುತ್ತದೆ, ತಪ್ಪು ಕಡಿಮೆಯಾಗುತ್ತದೆ. ವೇಗ ಮತ್ತು ನಿಖರತೆ ಎರಡನ್ನೂ ಒಟ್ಟಿಗೆ ಹೆಚ್ಚಿಸಿಕೊಳ್ಳಲು ಆಗದು. ದುಡುಕು ಎಂದು ನಾವು ಕರೆಯುವುದರ ಒಂದು ದೊಡ್ಡ ಭಾಗ ಈ ಗೆರೆ ಕೆಳಗಿರುವ ಸ್ಥಿತಿ; ಎಚ್ಚರ ಎಂದರೆ ಅದು ಮೇಲಿರುವ ಸ್ಥಿತಿ.

ಗೆರೆಯನ್ನು ಎಲ್ಲಿ ಇಡಬೇಕು ಎಂಬುದು ಎರಡು ವೆಚ್ಚಗಳನ್ನು ಅವಲಂಬಿಸಿದೆ. ಒಂದು, ತಪ್ಪಾದರೆ ಆಗುವ ನಷ್ಟ. ಎರಡು, ಕಾದರೆ ಆಗುವ ನಷ್ಟ. ಅದು ರಾತ್ರಿಯ ಕೊನೆಯ ಬಸ್ಸಾಗಿದ್ದರೆ, ಕಂಡಕ್ಟರನ್ನು ಕೇಳುತ್ತ ನಿಲ್ಲುವ ಮನುಷ್ಯನೂ ಓಡಿಯೇ ಓಡುತ್ತಾನೆ. ಅವನ ಸ್ವಭಾವ ಬದಲಾಗಿರುವುದಿಲ್ಲ, ಕಾಯುವುದರ ಬೆಲೆ ಏರಿರುತ್ತದೆ. ವಯಸ್ಸಾದವರು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ನಿಧಾನವಾಗಿ ಉತ್ತರಿಸುವುದನ್ನು ನೋಡಿ ಅವರ ಮಿದುಳು ಮಂದವಾಗಿದೆ ಎಂದು ಬಹಳ ಕಾಲ ತಿಳಿಯಲಾಗಿತ್ತು. ರ್‍ಯಾಟ್‌ಕ್ಲಿಫ್ ಮತ್ತು ಸಹೋದ್ಯೋಗಿಗಳು ಇದೇ ಮಾದರಿಯನ್ನು ಬಳಸಿ ಪರಿಶೀಲಿಸಿದಾಗ, ಹಲವು ಪರೀಕ್ಷೆಗಳಲ್ಲಿ ಅವರ ನಿಧಾನಕ್ಕೆ ಮುಖ್ಯ ಕಾರಣ ಗೆರೆಯನ್ನು ಎತ್ತರದಲ್ಲಿ ಇಟ್ಟುಕೊಂಡಿರುವುದೇ ಎಂದು ತಿಳಿದುಬಂತು.

ದುಡುಕಿಗೆ ಇನ್ನೂ ಕೆಲವು ಮುಖಗಳಿವೆ. ಆರಂಭಿಸಿದ ಕೆಲಸವನ್ನು ನಡುವೆ ನಿಲ್ಲಿಸಲಾಗದಿರುವುದು ಒಂದು, ನಾಳೆಯ ದೊಡ್ಡ ಲಾಭಕ್ಕಾಗಿ ಇಂದಿನ ಚಿಕ್ಕ ಲಾಭವನ್ನು ಬಿಡಲಾಗದಿರುವುದು ಇನ್ನೊಂದು, ಸಿಟ್ಟು ಅಥವಾ ಭಯ ಉಕ್ಕಿದಾಗ ಮಾತ್ರ ಹಿಡಿತ ತಪ್ಪುವುದು ಮತ್ತೊಂದು. ಇವು ಒಬ್ಬರಲ್ಲೇ ಒಟ್ಟಿಗೆ ಇರಬೇಕೆಂದೇನೂ ಇಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಡುವವರು ಹಣದ ವಿಷಯದಲ್ಲಿ ಕಡುಜಾಗರೂಕರಾಗಿರುವುದನ್ನು ಪ್ರತಿ ಮನೆತನದಲ್ಲೂ ಕಾಣಬಹುದು. ತಮ್ಮ ಸ್ವಭಾವದ ಬಗ್ಗೆ ಜನರು ಪ್ರಶ್ನಾವಳಿಯಲ್ಲಿ ಬರೆದುಕೊಡುವ ಉತ್ತರಕ್ಕೂ ಪ್ರಯೋಗಾಲಯದಲ್ಲಿ ಅವರು ನಡೆದುಕೊಳ್ಳುವ ರೀತಿಗೂ ಹೊಂದಾಣಿಕೆ ಕಡಿಮೆ ಎಂಬುದು ಸಂಶೋಧಕರಿಗೆ ಮತ್ತೆ ಮತ್ತೆ ಎದುರಾಗಿರುವ ಫಲಿತಾಂಶ. ‘ನಾನು ಯಾವತ್ತೂ ದುಡುಕುವವನಲ್ಲ’ ಎಂಬ ಮಾತನ್ನು, ಅದನ್ನು ಪ್ರಾಮಾಣಿಕವಾಗಿಯೇ ಹೇಳಿದರೂ, ಹೆಚ್ಚು ನಂಬುವಂತಿಲ್ಲ.

ನಾಳೆಯ ಹಣಕ್ಕೆ ಇಂದು ಎಷ್ಟು ಬೆಲೆ?

ಇಂದೇ 1,000 ರೂಪಾಯಿ ಬೇಕೋ, ಒಂದು ತಿಂಗಳ ನಂತರ 1,100 ರೂಪಾಯಿ ಬೇಕೋ ಎಂದು ಕೇಳಿದರೆ ಅನೇಕರು ಇಂದಿನ ಸಾವಿರವನ್ನೇ ಆರಿಸುತ್ತಾರೆ. ಅದೇ ಜನರಿಗೆ ಹನ್ನೆರಡು ತಿಂಗಳ ನಂತರ 1,000 ಬೇಕೋ, ಹದಿಮೂರು ತಿಂಗಳ ನಂತರ 1,100 ಬೇಕೋ ಎಂದು ಕೇಳಿದರೆ ಬಹಳಷ್ಟು ಮಂದಿ ಎರಡನೆಯದಕ್ಕೆ ಹೊರಳುತ್ತಾರೆ. ಎರಡೂ ಪ್ರಶ್ನೆಗಳಲ್ಲಿ ಕೇಳುತ್ತಿರುವುದು ಒಂದು ತಿಂಗಳ ಕಾಯುವಿಕೆ, ಸಿಗುವ ಹೆಚ್ಚುವರಿ ನೂರು ರೂಪಾಯಿ. ಆದರೂ ಉತ್ತರ ತಿರುಗುಮುರುಗಾಗುತ್ತದೆ.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಮನಸ್ಸು ಮುಂದೆ ಬರುವ ಹಣಕ್ಕೆ ಬಟ್ಟಾ ಹಾಕಿ, ಅಂದರೆ ಅದರ ಬೆಲೆಯನ್ನು ಇಳಿಸಿ ನೋಡುತ್ತದೆ. ಮನೋವಿಜ್ಞಾನಿಗಳು ಬಳಸುವ ಸೂತ್ರದಲ್ಲಿ, ಮೊತ್ತವನ್ನು ‘ಒಂದು ಕೂಡಿಸು ಕಾಯುವ ಅವಧಿಯನ್ನು ಅಸಹನೆಯ ಪ್ರಮಾಣದಿಂದ ಗುಣಿಸಿದ ಸಂಖ್ಯೆ’ಯಿಂದ ಭಾಗಿಸಬೇಕು. ಒಬ್ಬರ ಅಸಹನೆಯ ಪ್ರಮಾಣ ತಿಂಗಳಿಗೆ 0.2 ಎಂದುಕೊಳ್ಳೋಣ. ತಿಂಗಳ ನಂತರದ 1,100 ರೂಪಾಯಿ ಅವರ ಮನಸ್ಸಿಗೆ 1.2ರಿಂದ ಭಾಗಿಸಿದಾಗ ಸುಮಾರು 917 ರೂಪಾಯಿಯಂತೆ ತೋರುತ್ತದೆ, ಆದ್ದರಿಂದ ಕೈಯಲ್ಲಿರುವ ಸಾವಿರವೇ ಮೇಲು. ಹನ್ನೆರಡು ತಿಂಗಳ ನಂತರದ 1,000 ರೂಪಾಯಿ 294ರಂತೆಯೂ, ಹದಿಮೂರು ತಿಂಗಳ ನಂತರದ 1,100 ರೂಪಾಯಿ 306ರಂತೆಯೂ ಕಾಣುತ್ತವೆ, ಈಗ ಕಾಯುವುದೇ ಮೇಲು. ದೂರದಲ್ಲಿರುವಾಗ ದೊಡ್ಡದು ದೊಡ್ಡದಾಗಿಯೇ ಕಾಣುತ್ತದೆ, ಚಿಕ್ಕದು ಹತ್ತಿರ ಬಂದೊಡನೆ ಅದು ದೊಡ್ಡದನ್ನು ಮರೆಮಾಡುತ್ತದೆ. ಮುಂದಿನ ತಿಂಗಳಿನಿಂದ ಉಳಿತಾಯ ಮಾಡುತ್ತೇನೆ ಎಂದವರು ಸಂಬಳ ಬಂದ ದಿನ ಮಾತು ಮುರಿಯುವುದಕ್ಕೆ ಕಾರಣ ಸುಳ್ಳಾಡಿದ್ದಲ್ಲ. ಮಾತು ಕೊಟ್ಟಾಗ ಅವರ ಲೆಕ್ಕ ನಿಜವಾಗಿಯೂ ಹಾಗೆಯೇ ಇತ್ತು. (ತಿಂಗಳಿಗೆ ಶೇಕಡ 10ರ ಬಡ್ಡಿ ಕೊಡುವ ಠೇವಣಿ ಯಾವ ಬ್ಯಾಂಕಿನಲ್ಲೂ ಇಲ್ಲ ಎಂಬುದನ್ನು ಇಲ್ಲಿಯೇ ನೆನಪಿಸಬಹುದು.)

ಕಾಯುವ ಶಕ್ತಿಯ ಮಾತು ಬಂದಾಗಲೆಲ್ಲ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಪ್ರಯೋಗದ ಪ್ರಸ್ತಾಪವಾಗುತ್ತದೆ. ಮಗುವಿನ ಮುಂದೆ ಮಾರ್ಶ್‌ಮ್ಯಾಲೋ ಎಂಬ ಮಿಠಾಯಿಯನ್ನೋ ಬೇರೊಂದು ತಿನಿಸನ್ನೋ ಇಟ್ಟು, ತಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುವುದಾಗಿ ಹೇಳಿ ದೊಡ್ಡವರು ಹೊರಗೆ ಹೋಗುತ್ತಿದ್ದರು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲಿಯೂ ಮುಂದಿದ್ದರು ಎಂಬ ನಂತರದ ಫಲಿತಾಂಶ ಜಗತ್ತಿನಾದ್ಯಂತ ಹರಡಿ, ಸಂಯಮವೇ ಯಶಸ್ಸಿನ ಗುಟ್ಟು ಎಂಬ ಪ್ರವಚನಗಳಿಗೆ ಆಧಾರವಾಯಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಹೆಚ್ಚು ಮಕ್ಕಳ ಮಾಹಿತಿಯೊಡನೆ ಇದನ್ನು ಮರುಪರಿಶೀಲಿಸಿದಾಗ ಆ ನಂಟು ಮೊದಲು ಹೇಳಿದ್ದಕ್ಕಿಂತ ದುರ್ಬಲವಾಗಿತ್ತು. ಮನೆಯ ಆರ್ಥಿಕ ಸ್ಥಿತಿಗತಿ, ತಾಯಿಯ ಶಿಕ್ಷಣ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅದರಲ್ಲಿ ಬಹುಪಾಲು ಕರಗಿಹೋಯಿತು.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಮಿಠಾಯಿ ಇಡುವ ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಸಾಮಗ್ರಿ ತಂದುಕೊಡುತ್ತೇವೆ ಎಂದು ಹೇಳಿದರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದವರ ಬಳಿ ಬರಿಗೈಯಲ್ಲಿ ಬಂದು ‘ಇಲ್ಲ, ಸಿಗಲಿಲ್ಲ’ ಎಂದರು. ಆನಂತರ ಮಿಠಾಯಿಯ ಪರೀಕ್ಷೆಯಲ್ಲಿ ಮೊದಲ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು, ಎರಡನೆಯ ಗುಂಪಿನವರು ಸರಾಸರಿ 3 ನಿಮಿಷ ಮಾತ್ರ. ಮಾತು ತಪ್ಪುವವರ ನಡುವೆ ಬೆಳೆಯುವ ಮಗು ಕೈಗೆ ಸಿಕ್ಕಿದ್ದನ್ನು ತಕ್ಷಣ ತಿಂದರೆ ಅದನ್ನು ದುಡುಕು ಎನ್ನುವುದು ಕಷ್ಟ. ಭರವಸೆ ಇಲ್ಲದ ಕಡೆ ಕಾಯುವುದೇ ದಡ್ಡತನವಾಗಿಬಿಡುತ್ತದೆ.

ಕೈ ಬರಿದಾಗಿರುವುದೂ ನಿರ್ಧಾರದ ಮೇಲೆ ಪರಿಣಾಮ ಬೀರುತ್ತದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮೊದಲಾದವರು ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಾದ ಮೇಲೆ ಒಮ್ಮೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಬ್ಬಿನ ಹಣ ವರ್ಷಕ್ಕೊಮ್ಮೆ ಬರುವುದರಿಂದ ಕಟಾವಿಗೆ ಮೊದಲಿನ ತಿಂಗಳುಗಳು ಕೈಸಾಲದ, ಗಿರವಿಯ ತಿಂಗಳುಗಳು ಎಂಬುದು ಮಂಡ್ಯ, ಬೆಳಗಾವಿಯ ರೈತರಿಗೂ ಗೊತ್ತಿರುವ ವಿಷಯ. ಅದೇ ರೈತರು ಕಟಾವಿಗೆ ಮೊದಲು ತರ್ಕದ ಪ್ರಶ್ನೆಗಳಲ್ಲಿ ಕಡಿಮೆ ಅಂಕ ಪಡೆದರು; ಮೊದಲು ಹೊಳೆದ ಉತ್ತರವನ್ನು ತಡೆಹಿಡಿದು ಸರಿಯಾದದ್ದನ್ನು ಹೇಳಬೇಕಾದ ಪರೀಕ್ಷೆಯಲ್ಲಿ ನಿಧಾನವಾಗಿದ್ದರು, ಹೆಚ್ಚು ತಪ್ಪು ಮಾಡಿದರು. ಮನುಷ್ಯ ಅದೇ, ಬದಲಾದದ್ದು ಅವನ ತಲೆಯ ಮೇಲಿದ್ದ ಚಿಂತೆಯ ಹೊರೆ.

ಮಿದುಳಿನಲ್ಲಿ ತಡೆ ಇರುವ ಜಾಗ

1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲು ಹಾದಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಮೂರೂವರೆ ಅಡಿಗಿಂತ ಉದ್ದದ, ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸಲಾಕೆಯೊಂದು ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಎಡಗೆನ್ನೆಯ ಕೆಳಗೆ ಹೊಕ್ಕು ನೆತ್ತಿಯಿಂದ ಹೊರಬಂತು. ಆತ ಬದುಕಿ ಉಳಿದ. ಶಾಂತನೂ ಹೊಣೆಯರಿತವನೂ ಆಗಿದ್ದ ಮನುಷ್ಯ ಚಂಚಲನಾದ, ಒರಟನಾದ, ಯೋಜನೆಗಳನ್ನು ಹೂಡಿ ಮರುಗಳಿಗೆಯೇ ಕೈಬಿಡುವವನಾದ ಎಂದು ಅವನಿಗೆ ಚಿಕಿತ್ಸೆ ನೀಡಿದ ವೈದ್ಯ ಜಾನ್ ಹಾರ್ಲೊ ದಾಖಲಿಸಿದರು. ಈ ಕಥೆಯನ್ನು ಹಲವರು ಉಪ್ಪುಖಾರ ಹಚ್ಚಿ ಹೇಳಿದ್ದಾರೆ. ಗೇಜ್ ನಂತರ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ್ದನೆಂಬುದನ್ನು ನೋಡಿದರೆ ಅವನ ಬದುಕು ಪೂರ್ತಿ ಹಾಳಾಗಿರಲಿಲ್ಲ. ಆದರೂ ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೂ ಸಂಯಮಕ್ಕೂ ನಂಟಿದೆ ಎಂಬ ವಿಚಾರಕ್ಕೆ ಗೇಜ್‌ನ ಪ್ರಕರಣ ಮೊದಲ ಸಾಕ್ಷಿಗಳಲ್ಲಿ ಒಂದಾಯಿತು.

ಆ ನಂಟು ಯಾವ ಬಗೆಯದು ಎಂಬುದು 1994ರಲ್ಲಿ ಅಯೋವಾದ ಸಂಶೋಧಕರು ಪ್ರಕಟಿಸಿದ ಇಸ್ಪೀಟು ಪರೀಕ್ಷೆಯಲ್ಲಿ ಸ್ಪಷ್ಟವಾಯಿತು. ಆಟಗಾರನ ಮುಂದೆ ನಾಲ್ಕು ಕಟ್ಟುಗಳಿರುತ್ತವೆ. ಎರಡು ಕಟ್ಟುಗಳಲ್ಲಿ ಪ್ರತಿ ಎಲೆಗೂ 100 ಡಾಲರ್ (ಆಟದ ಹಣ) ಸಿಗುತ್ತದೆ, ಆದರೆ ನಡುನಡುವೆ ದೊಡ್ಡ ದಂಡ ಬೀಳುವುದರಿಂದ ಹತ್ತು ಎಲೆ ತೆಗೆಯುವಷ್ಟರಲ್ಲಿ ಒಟ್ಟು 250 ಡಾಲರ್ ನಷ್ಟವಾಗಿರುತ್ತದೆ. ಉಳಿದೆರಡರಲ್ಲಿ ಎಲೆಗೆ 50 ಡಾಲರ್ ಮಾತ್ರ, ದಂಡವೂ ಚಿಕ್ಕದು, ಹತ್ತು ಎಲೆಗೆ 250 ಡಾಲರ್ ಲಾಭ. ಆರೋಗ್ಯವಂತರು ಮೊದಲು ದೊಡ್ಡ ಮೊತ್ತಕ್ಕೆ ಆಸೆಪಟ್ಟರೂ ಕ್ರಮೇಣ ಲಾಭದ ಕಟ್ಟುಗಳತ್ತ ಸರಿದರು. ಮುಂಭಾಗದ ಮಿದುಳಿನ ಕೆಳ-ನಡು ಪ್ರದೇಶಕ್ಕೆ ಪೆಟ್ಟಾದವರು ಮಾತ್ರ ಕೊನೆಯವರೆಗೂ ನಷ್ಟದ ಕಟ್ಟುಗಳಿಂದಲೇ ಎಲೆ ತೆಗೆಯುತ್ತ ಹೋದರು. ಅವರ ಬುದ್ಧಿಮತ್ತೆಯ ಅಂಕ ಸಾಧಾರಣವಾಗಿಯೇ ಇತ್ತು. ಮುಂದೆ ಬರಲಿರುವ ನಷ್ಟ ಅವರನ್ನು ಈ ಕ್ಷಣದಲ್ಲಿ ಕುಟುಕುತ್ತಿರಲಿಲ್ಲ, ಅಷ್ಟೆ.

ಮಿದುಳಿನ ಆಳದಲ್ಲಿ ಇನ್ನೊಂದು ತಡೆಯಿದೆ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವು, ಎರಡು ಆಯ್ಕೆಗಳು ಸಮಬಲವಾಗಿ ಜಗ್ಗುವಾಗ ‘ಸ್ವಲ್ಪ ತಡೆ’ ಎಂಬ ಸೂಚನೆ ಕಳುಹಿಸಿ ಗೆರೆಯನ್ನು ತಾತ್ಕಾಲಿಕವಾಗಿ ಮೇಲೇರಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಯ ನಡುಕವನ್ನು ಕಡಿಮೆ ಮಾಡಲು ಕೆಲವು ರೋಗಿಗಳಿಗೆ ಇದೇ ಜಾಗಕ್ಕೆ ತಂತಿ ಇಟ್ಟು ವಿದ್ಯುತ್ ಪ್ರಚೋದನೆ ಕೊಡುತ್ತಾರೆ. ಮೈಕೆಲ್ ಫ್ರ್ಯಾಂಕ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಪ್ರಚೋದನೆ ಚಾಲೂ ಇದ್ದಾಗ ಆ ರೋಗಿಗಳು ಕಷ್ಟದ ಆಯ್ಕೆಗಳ ಎದುರಿನಲ್ಲಿ ನಿಧಾನಿಸುವ ಬದಲು ಇನ್ನೂ ವೇಗವಾಗಿ ಆರಿಸಿಬಿಡುತ್ತಿದ್ದರು.

ಈ ಕಾಯಿಲೆಯ ಔಷಧಿಗಳ ಕಥೆ ಬೇರೆ. ಡೋಪಮಿನ್ ಎಂಬ ರಾಸಾಯನಿಕದಂತೆ ಕೆಲಸ ಮಾಡುವ ಕೆಲವು ಮಾತ್ರೆಗಳು, ತಪ್ಪಿನಿಂದ ಪಾಠ ಕಲಿಯುವ ಸಾಮರ್ಥ್ಯವನ್ನು ಕುಗ್ಗಿಸಿ, ಲಾಭದ ಸೆಳೆತವನ್ನು ಹೆಚ್ಚಿಸುತ್ತವೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನವೊಂದರಲ್ಲಿ (2010) ಅಂಥ ಮಾತ್ರೆ ನುಂಗುತ್ತಿದ್ದವರ ಪೈಕಿ ಶೇಕಡ 17ರಷ್ಟು ಮಂದಿಯಲ್ಲಿ ಜೂಜಿನ ಗೀಳು, ಕೊಳ್ಳುವ ಗೀಳು, ಮಿತಿಯಿಲ್ಲದೆ ತಿನ್ನುವುದು ಮುಂತಾದ ಹಿಡಿತ ತಪ್ಪಿದ ವರ್ತನೆಗಳು ಕಂಡುಬಂದವು; ನುಂಗದವರಲ್ಲಿ ಈ ಪ್ರಮಾಣ ಶೇಕಡ 7ರಷ್ಟಿತ್ತು. ಎಂದೂ ಲಾಟರಿ ಟಿಕೆಟ್ ಮುಟ್ಟದ ಅಜ್ಜ ಇದ್ದಕ್ಕಿದ್ದಂತೆ ಜೂಜಿಗೆ ಇಳಿದರೆ ಮನೆಯವರು ಅವರ ಗುಣವನ್ನು ದೂರುವ ಮೊದಲು ಮಾತ್ರೆಯ ಚೀಟಿಯನ್ನು ನರರೋಗ ವೈದ್ಯರಿಗೆ ತೋರಿಸುವುದು ಒಳ್ಳೆಯದು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಹರೆಯದವರ ದುಡುಕಿಗೂ ಮಿದುಳಿನ ಬೆಳವಣಿಗೆಗೂ ಸಂಬಂಧವಿದೆ. ಲಾಭ, ಮೆಚ್ಚುಗೆಗಳಿಗೆ ಸ್ಪಂದಿಸುವ ಭಾಗಗಳು ಹದಿವಯಸ್ಸಿನಲ್ಲೇ ಚುರುಕಾಗುತ್ತವೆ, ತಡೆ ಹಾಕುವ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಾರು ಓಡಿಸುವ ಕಂಪ್ಯೂಟರ್ ಆಟವೊಂದನ್ನು ಬಳಸಿ ನೋಡಿದಾಗ, ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರ ಎದುರಿನಲ್ಲಿ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಇಪ್ಪತ್ತನಾಲ್ಕು ದಾಟಿದವರ ಮೇಲೆ ಗೆಳೆಯರ ಹಾಜರಿ ಅಂಥ ಪರಿಣಾಮ ಬೀರಲಿಲ್ಲ.

ಬೇಗ ನಿರ್ಧರಿಸುವುದೇ ಲಾಭವಾಗುವ ಸಂದರ್ಭಗಳು

ದುಡುಕು ಬರೀ ಕೆಡುಕಾಗಿದ್ದರೆ ಅದು ಜೀವಿಗಳಲ್ಲಿ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಲಾರ್ಸ್ ಚಿಟ್ಕಾ ಮತ್ತು ಸಂಗಡಿಗರು ಬಂಬಲ್‌ಬೀ ಎಂಬ ದುಂಬಿಗಳನ್ನು ಕೃತಕ ಹೂಗಳ ನಡುವೆ ಬಿಟ್ಟು ನೋಡಿದಾಗ, ಕೆಲವು ದುಂಬಿಗಳು ಅವಸರದಲ್ಲಿ ಆರಿಸಿ ತಪ್ಪುತ್ತಿದ್ದವು, ಕೆಲವು ನಿಧಾನವಾಗಿ ಸರಿಯಾಗಿ ಆರಿಸುತ್ತಿದ್ದವು. ತಪ್ಪು ಹೂವಿನಲ್ಲಿ ಕಹಿಯಾದ ಕ್ವಿನೈನ್ ಇಟ್ಟಾಗ ದುಂಬಿಗಳು ನಿಧಾನಿಸಿ ಎಚ್ಚರ ವಹಿಸಿದವು. ಆದರೆ ತಪ್ಪಿಗೆ ಶಿಕ್ಷೆಯಿಲ್ಲದೆ, ಬರೀ ಸಮಯ ವ್ಯರ್ಥವಾಗುವ ಕಡೆಯಲ್ಲಿ ಅವಸರದ ದುಂಬಿಗಳೇ ಹೆಚ್ಚು ಮಕರಂದ ಕೂಡಿಹಾಕಬಲ್ಲವು ಎಂಬುದು 2005ರ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು.

ಇರುವೆಗಳ ಉದಾಹರಣೆ ಇನ್ನೂ ಸೊಗಸಾಗಿದೆ. ಬಂಡೆಯ ಬಿರುಕಿನಲ್ಲಿ ಬಾಳುವ ಟೆಮ್ನೊತೊರಾಕ್ಸ್ ಜಾತಿಯ ಇರುವೆಗಳು ಗೂಡು ಒಡೆದಾಗ ಹೊಸ ಜಾಗ ಹುಡುಕುತ್ತವೆ. ಒಂದು ಜಾಗವನ್ನು ಮೆಚ್ಚಿ ಸೇರಿದ ಇರುವೆಗಳ ಸಂಖ್ಯೆ ಒಂದು ಮಟ್ಟವನ್ನು ಮುಟ್ಟಿದಾಗ ಇಡೀ ಗುಂಪು ಅಲ್ಲಿಗೆ ಸಾಗುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ನೈಜೆಲ್ ಫ್ರ್ಯಾಂಕ್ಸ್ ಮತ್ತು ತಂಡದವರು ಗಾಳಿ ಬೀಸಿ ವಾತಾವರಣವನ್ನು ಅಸಹನೀಯ ಮಾಡಿದಾಗ ಇರುವೆಗಳು ಆ ಮಟ್ಟವನ್ನು ಇಳಿಸಿಕೊಂಡವು, ಕಡಿಮೆ ಸಮ್ಮತಿಗೇ ಹೊರಟುಬಿಟ್ಟವು, ಹಲವು ಬಾರಿ ಕಳಪೆ ಗೂಡನ್ನು ಆರಿಸಿಕೊಂಡವು. ಬಸ್ ನಿಲ್ದಾಣದ ಮನುಷ್ಯನ ಮನಸ್ಸಿನೊಳಗಿನ ಗೆರೆ ಇಲ್ಲಿ ಎಣಿಸಬಹುದಾದ ಸಂಖ್ಯೆಯಾಗಿ ಕಾಣಸಿಗುತ್ತದೆ.

ಮೀನಮೇಷ ಎಣಿಸುವುದರ ಬೆಲೆ

ಎಚ್ಚರಕ್ಕೆ ಸಮಾಜದಲ್ಲಿ ಒಳ್ಳೆಯ ಹೆಸರಿದೆ. ಅದರಿಂದಾಗುವ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಮಧ್ಯರಾತ್ರಿ ಎದೆಯಲ್ಲಿ ಭಾರ, ಎಡತೋಳಿನಲ್ಲಿ ಸೆಳೆತ, ಮೈತುಂಬ ಬೆವರು. ‘ಗ್ಯಾಸ್ ಇರಬೇಕು, ಸೋಡಾ ಕುಡಿದು ಮಲಗಿ, ಬೆಳಿಗ್ಗೆ ನೋಡೋಣ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆ ಎಂದರೆ ಅದನ್ನು ನಿರ್ಧಾರ ಎಂದೇ ಯಾರೂ ಎಣಿಸುವುದಿಲ್ಲ. ಆಸ್ಪತ್ರೆಗೆ ಓಡಿ ಏನೂ ಇಲ್ಲವೆಂದಾದರೆ ಆಗುವ ಮುಜುಗರ, ಖರ್ಚು ಕಣ್ಣಿಗೆ ಕಟ್ಟುತ್ತವೆ. ಕಾಯುವಾಗ ಸಾಯುತ್ತಿರುವ ಹೃದಯದ ಸ್ನಾಯು ಕಾಣುವುದಿಲ್ಲ. ಮಿದುಳಿನ ಪಾರ್ಶ್ವವಾಯುವಿನಲ್ಲಂತೂ ರಕ್ತನಾಳ ಕಟ್ಟಿಕೊಂಡ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಅಂದಾಜಿದೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವೆಂದು ಕಂಡುಬಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿರುವುದು ಈ ಕಾರಣಕ್ಕಾಗಿಯೇ.

ಅತಿ ಎಚ್ಚರದ ಹಿಂದೆ ನಷ್ಟದ ಭಯವಿದೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಿಂದ ಬೆಳೆಸಿದ ಸಿದ್ಧಾಂತದ ಪ್ರಕಾರ, ಸಾವಿರ ರೂಪಾಯಿ ಕಳೆದುಕೊಂಡ ನೋವು ಸಾವಿರ ರೂಪಾಯಿ ಸಿಕ್ಕ ಸಂತೋಷದ ಸುಮಾರು ಎರಡರಷ್ಟು ತೂಗುತ್ತದೆ. ಆದ್ದರಿಂದ ಲಾಭದ ಮುಂದೆ ಜನ ಹಿಂಜರಿಯುತ್ತಾರೆ. ಅದೇ ಸಿದ್ಧಾಂತದ ಇನ್ನೊಂದು ಅರ್ಧವನ್ನು ಹೇಳುವವರು ಕಡಿಮೆ: ನಷ್ಟ ಆಗಲೇ ಎದುರಿಗೆ ನಿಂತಿದ್ದರೆ ಅದೇ ಜನ ಅದನ್ನು ತಪ್ಪಿಸಲು ಜೂಜಾಡಲೂ ಸಿದ್ಧರಾಗುತ್ತಾರೆ. ಷೇರುಪೇಟೆ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ (ಷೇರು ಮುಂತಾದವುಗಳ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದಗಳ ವ್ಯಾಪಾರ) ಇಳಿದ ಒಂದು ಕೋಟಿಗೂ ಹೆಚ್ಚು ಬಿಡಿ ಹೂಡಿಕೆದಾರರಲ್ಲಿ ಶೇಕಡ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಸತತ ನಷ್ಟ ಕಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಟ ಬಿಡಲಿಲ್ಲ. ಮೂವತ್ತರೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇಕಡ 31ರಿಂದ 43ಕ್ಕೆ ಏರಿತ್ತು. ಹೋದದ್ದನ್ನು ಮರಳಿ ಪಡೆಯುವ ಹಟಕ್ಕೆ ಮೂಲವಾದದ್ದು ನಷ್ಟದ ಅದೇ ಭಯ.

ವಂಚಕರು ಗೆರೆಯನ್ನು ಕೆಳಗಿಳಿಸುವ ವಿಧಾನ

ಈಗ ಡಿಜಿಟಲ್ ಅರೆಸ್ಟಿನ ಕರೆಯನ್ನು ಬಿಡಿಸಿ ನೋಡಬಹುದು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂದೋ, ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಲಾಗಿದೆ ಎಂದೋ ಮಾತು ಆರಂಭವಾಗುತ್ತದೆ. ವಿಡಿಯೊ ಕರೆಯಲ್ಲಿ ಸಮವಸ್ತ್ರದ ವ್ಯಕ್ತಿ, ಹಿಂದೆ ಠಾಣೆಯಂಥ ಗೋಡೆ, ಮೊಹರು ಒತ್ತಿದ ಕಾಗದಗಳು. ಇನ್ನೊಂದು ಗಂಟೆಯಲ್ಲಿ ಬಂಧನ ಎನ್ನುವ ಬೆದರಿಕೆ ಕಾಯುವುದರ ಬೆಲೆಯನ್ನು ಆಕಾಶಕ್ಕೆ ಏರಿಸುತ್ತದೆ. ‘ಹಣವನ್ನು ರಿಸರ್ವ್ ಬ್ಯಾಂಕಿನ ಪರಿಶೀಲನಾ ಖಾತೆಗೆ ಹಾಕಿ, ನಿರಪರಾಧಿ ಎಂದಾದರೆ ವಾಪಸು ಬರುತ್ತದೆ’ ಎಂಬ ಮಾತು ತಪ್ಪಿದರೆ ಆಗುವ ನಷ್ಟವನ್ನು ಶೂನ್ಯವೆಂದು ತೋರಿಸುತ್ತದೆ. ಕ್ಯಾಮೆರಾ ಆರಿಸಬೇಡಿ, ಮನೆಯವರಿಗೂ ಹೇಳಬೇಡಿ ಎಂಬ ಆಜ್ಞೆ ಹೊಸ ಸುಳಿವು ಬರುವ ಬಾಗಿಲನ್ನೇ ಮುಚ್ಚುತ್ತದೆ. ಹೀಗೆ ಮೂರು ಕಡೆಯಿಂದ ಒತ್ತಿದಾಗ ಎಚ್ಚರದ ಮನುಷ್ಯನ ಎಚ್ಚರವೇ ಅವನ ವಿರುದ್ಧ ತಿರುಗುತ್ತದೆ: ಅವನು ಹಣ ಕಳುಹಿಸುವುದು ದುರಾಸೆಯಿಂದಲ್ಲ, ಮಾನ ಮತ್ತು ಇಡುಗಂಟನ್ನು ಕಾಪಾಡಿಕೊಳ್ಳುವ ಮುಂಜಾಗ್ರತೆಯಿಂದ. ದಿನಗಟ್ಟಲೆ ಕರೆಯಲ್ಲೇ ಇರಿಸಿಕೊಂಡ ಪ್ರಕರಣಗಳೂ ಇರುವುದರಿಂದ ಇದನ್ನು ಕ್ಷಣದ ದುಡುಕು ಎನ್ನಲಾಗದು.

ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ನಿಜವಾದ ಬಂಧನ ನಡೆದರೆ ಪೊಲೀಸರು ಆ ವಿಷಯವನ್ನು ಬಂಧಿತರ ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಲೇಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ವಂಚಕರ ಮೊದಲ ಬೇಡಿಕೆ ಇದಕ್ಕೆ ನೇರ ವಿರುದ್ಧವಾದದ್ದು.

ತಡೆಯನ್ನು ಎಲ್ಲಿ ಇಡಬೇಕು

ಒತ್ತಡದ ನಡುವೆ ಸಂಯಮ ತಂದುಕೊಳ್ಳುವುದು ಕಷ್ಟವಾದ್ದರಿಂದ, ಮನಸ್ಸು ಶಾಂತವಾಗಿರುವಾಗಲೇ ತಡೆಯನ್ನು ಹಾಕಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಫಿಲಿಪ್ಪೀನ್ಸ್‌ನ ಬ್ಯಾಂಕೊಂದು, ತಾವೇ ನಿಗದಿ ಮಾಡಿದ ಮೊತ್ತ ಅಥವಾ ದಿನಾಂಕ ಬರುವವರೆಗೆ ಹಣ ತೆಗೆಯಲಾಗದ ಖಾತೆಯನ್ನು ಗ್ರಾಹಕರ ಮುಂದಿಟ್ಟಾಗ, ಹೆಚ್ಚಿನ ಬಡ್ಡಿ ಇಲ್ಲದಿದ್ದರೂ ಶೇಕಡ 28ರಷ್ಟು ಮಂದಿ ಅದನ್ನು ತೆರೆದರು. ಒಂದು ವರ್ಷದ ನಂತರ ಅವಕಾಶ ಸಿಕ್ಕ ಗುಂಪಿನ ಉಳಿತಾಯ ಉಳಿದವರಿಗಿಂತ ಗಣನೀಯವಾಗಿ ಹೆಚ್ಚಾಗಿತ್ತು. ನಮ್ಮೂರಿನ ಚೀಟಿ, ಸ್ವಸಹಾಯ ಸಂಘದ ವಾರದ ಕಂತು ಇವೆಲ್ಲ ಇದೇ ಕೆಲಸವನ್ನು ಹಿಂದಿನಿಂದಲೂ ಮಾಡುತ್ತ ಬಂದಿವೆ.

ನಿಯಮಗಳಲ್ಲೂ ಇಂಥ ತಡೆಗಳಿವೆ, ಬಳಸಿಕೊಳ್ಳುವವರು ಕಡಿಮೆ. ವಿಮಾ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ ಅದನ್ನು ಹಿಂದಿರುಗಿಸಬಹುದು. ಕೆಲವು ಸಣ್ಣ ಖರ್ಚುಗಳನ್ನು ಕಳೆದು ಪ್ರೀಮಿಯಂ ಮರಳಿ ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಆ್ಯಪ್ ಮೂಲಕ ಪಡೆದ ಸಾಲವನ್ನು, ಸಾಲ ಕೊಟ್ಟ ಸಂಸ್ಥೆ ನಿಗದಿ ಮಾಡಿದ ಮರುಚಿಂತನೆಯ ಅವಧಿಯೊಳಗೆ (ಅದು ಒಂದು ದಿನಕ್ಕಿಂತ ಕಡಿಮೆ ಇರುವಂತಿಲ್ಲ), ಅಸಲು ಮತ್ತು ಅಷ್ಟು ದಿನದ ವೆಚ್ಚವನ್ನು ಕಟ್ಟಿ ದಂಡವಿಲ್ಲದೆ ತೀರಿಸಬಹುದು. ಹೊಸದಾಗಿ ಯುಪಿಐ ಆರಂಭಿಸಿದವರಿಗೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿಯಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳುಹಿಸುತ್ತಿದ್ದ ‘ಕಲೆಕ್ಟ್’ ವಿನಂತಿಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಮನೆಯ ಮಟ್ಟಿಗೆ ಹೇಳುವುದಾದರೆ, ದೊಡ್ಡ ಮೊತ್ತ ಕಳುಹಿಸುವ ಮೊದಲು ಇಂಥವರಿಗೆ ಒಂದು ಫೋನ್ ಮಾಡಬೇಕು ಎಂದು ಹಿರಿಯರೂ ಮಕ್ಕಳೂ ಮೊದಲೇ ಮಾತಾಡಿಕೊಂಡಿರುವುದು, ನೆಟ್ ಬ್ಯಾಂಕಿಂಗ್‌ನಲ್ಲಿ ದಿನದ ಮಿತಿಯನ್ನು ಅಗತ್ಯಕ್ಕೆ ತಕ್ಕಂತೆ ಇಳಿಸಿಡುವುದು ಇವೆರಡಕ್ಕೂ ಖರ್ಚಿಲ್ಲ.

ಇಷ್ಟಾದ ಮೇಲೂ ಹಣ ಹೋಗಿಬಿಟ್ಟರೆ ಲೆಕ್ಕ ತಿರುಗುಮುರುಗಾಗುತ್ತದೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸಿ ಕೊನೆಗೆ ನಗದು ಮಾಡಿಕೊಳ್ಳುವುದರಿಂದ, ನಡುವಿನ ಯಾವುದಾದರೂ ಖಾತೆಯಲ್ಲಿ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸಿಗುವ ಸಮಯ ಬಹಳ ಕಡಿಮೆ. ‘ಯಾರಿಗಾದರೂ ಗೊತ್ತಾದರೆ ನಗುತ್ತಾರೆ, ನಾಳೆ ಮಗನನ್ನು ಕೇಳಿ ನೋಡೋಣ’ ಎಂದು ಕೂರದೆ, ಗೊತ್ತಾದ ನಿಮಿಷದಲ್ಲೇ ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೆ ಕರೆ ಮಾಡಬೇಕು.